ಕಡು ಕಂದು ಮೊಟ್ಟೆ, ಪ್ರದರ್ಶನಕ್ಕೆ ನಿಲ್ಲುವ ರೂಪ: ಮರಾನ್ ಕೋಳಿಯಲ್ಲಿ ಎರಡನ್ನೂ ಬೆಳೆಸುವುದು ಹೇಗೆ

ಮರಾನ್ ಕೋಳಿಯ ಹುಚ್ಚು ಹತ್ತಿದವರಲ್ಲಿ ಹೆಚ್ಚಿನವರು ಮೊದಲು ಮನಸೋಲುವುದು ಅದರ ಮೊಟ್ಟೆಗೆ. ಜೋನಿಬೆಲ್ಲದಂಥ ಕಡು ಕಂದು ಬಣ್ಣ, ಮೇಲೆ ಸಣ್ಣ ಹೊಳಪು. ಆಮೇಲೆ ಎಲ್ಲೋ ಒಂದು ಪ್ರದರ್ಶನದಲ್ಲಿ ಒಳ್ಳೆಯ ಬ್ಲ್ಯಾಕ್ ಕಾಪರ್ ಹುಂಜ ಕಣ್ಣಿಗೆ ಬೀಳುತ್ತದೆ. ಹಸಿರು ಮಿಂಚುವ ಕಪ್ಪು ಮೈ, ಕೊರಳಿನ ಸುತ್ತ ತಾಮ್ರದ ಬಣ್ಣ. ಅಲ್ಲಿಂದ ಎರಡೂ ಬೇಕು ಅನ್ನಿಸುತ್ತದೆ. ಎರಡೂ ಸಿಗುತ್ತದೆ, ಅನುಮಾನ ಬೇಡ. ಆದರೆ ಒಂದೇ ವರ್ಷದಲ್ಲಿ ಒಂದೇ ಜೋಡಿಯಿಂದ ಎರಡನ್ನೂ ನಿರೀಕ್ಷಿಸಿದರೆ ಎರಡೂ ಕೈತಪ್ಪುತ್ತದೆ. ಮೂರು ನಾಲ್ಕು ತಲೆಮಾರು ಕೋಳಿ ಮಾಡುವ ತಾಳ್ಮೆ ಬೇಕು, ಮತ್ತು ಒಂದು ನೋಟ್‌ಬುಕ್ ಬೇಕು. ನೋಟ್‌ಬುಕ್ ಯಾಕೆ ಅಂತ ಮುಂದೆ ಹೇಳುತ್ತೇನೆ. ನನ್ನ ಪ್ರಕಾರ ಕೋಳಿಗಿಂತ ಮುಖ್ಯ ಅದೇ.

ಯಾವ ಕೋಳಿ, ಯಾವ ಊರಿನದು

ಮರಾನ್ ಅಂದರೆ ಫ್ರಾನ್ಸಿನ ಪಶ್ಚಿಮ ಕರಾವಳಿಯಲ್ಲಿ, ಲಾ ರೋಶೆಲ್ ಹತ್ತಿರದ ಒಂದು ಊರು. ಸುತ್ತ ಜೌಗು ನೆಲ. ಹಿಂದೆ ಅಲ್ಲಿ ಬಂದರಿತ್ತು. ಇಂಗ್ಲಿಷ್ ಹಡಗುಗಳಲ್ಲಿ ಬಂದ ಕಾಳಗದ ಹುಂಜಗಳು ಅಲ್ಲಿನ ಊರುಕೋಳಿಗಳ ಜೊತೆ ಬೆರೆತವು ಅನ್ನುತ್ತಾರೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಚೀನಾ ಮೂಲದ ಲ್ಯಾಂಗ್‌ಶಾನ್ ಕೋಳಿಯ ರಕ್ತವೂ ಸೇರಿತು. ಕಾಲಿನ ಮೇಲಿನ ಗರಿ, ಕಂದು ಮೊಟ್ಟೆ ಎರಡರಲ್ಲೂ ಲ್ಯಾಂಗ್‌ಶಾನ್ ಪಾಲಿದೆ. ಫ್ರಾನ್ಸಿನಲ್ಲಿ ಈ ತಳಿಗೆ 1931ರಲ್ಲಿ ಲಿಖಿತ ಮಾನದಂಡ ಬಂತು. ಅಮೆರಿಕದ ಪೌಲ್ಟ್ರಿ ಅಸೋಸಿಯೇಷನ್ ಬ್ಲ್ಯಾಕ್ ಕಾಪರ್ ಬಣ್ಣವನ್ನು ಒಪ್ಪಿಕೊಂಡದ್ದು 2011ರಲ್ಲಿ.

ಒಂದು ಗೊಂದಲ ಈಗಲೇ ಬಗೆಹರಿಸಿಕೊಳ್ಳಿ. ಬ್ರಿಟನ್ನಿನಲ್ಲಿ ಹಳೆಯ ಕಾಲದಿಂದ ಬೆಳೆದ ಮರಾನ್‌ಗೆ ಕಾಲಿನ ಮೇಲೆ ಗರಿ ಇರುವುದಿಲ್ಲ, ಅಲ್ಲಿ ಕಪ್ಪು-ಬಿಳಿ ಪಟ್ಟೆಯ ಕುಕೂ ಬಣ್ಣ ಜಾಸ್ತಿ. ಫ್ರೆಂಚ್ ಮಾದರಿಗೆ ಕಾಲಿನ ಹೊರಬದಿಯಲ್ಲಿ ಗರಿ ಇರಲೇಬೇಕು. ನಿಮ್ಮ ಪ್ರದರ್ಶನದಲ್ಲಿ ಯಾವ ಮಾನದಂಡ ನಡೆಯುತ್ತದೆ ಅಂತ ಮೊದಲು ಕೇಳಿ, ಆಮೇಲೆ ಕೋಳಿ ಕೊಳ್ಳಿ. ಇಲ್ಲಿ ನಾನು ಬರೆಯುತ್ತಿರುವುದು ಫ್ರೆಂಚ್ ಮಾದರಿಯ ಬ್ಲ್ಯಾಕ್ ಕಾಪರ್ ಬಗ್ಗೆ. ಮೊಟ್ಟೆಯ ಬಣ್ಣದ ಮಾತು ಮಾತ್ರ ವೆಲ್ಸಮರ್, ಬಾರ್ನೆವೆಲ್ಡರ್, ಸ್ಪೇನಿನ ಪೆನೆಡೆಸೆಂಕಾ ಥರದ ಕಂದು ಮೊಟ್ಟೆಯ ತಳಿಗಳಿಗೂ ಹೆಚ್ಚುಕಡಿಮೆ ಹೊಂದುತ್ತದೆ.

ಊರಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು. ಭಾರತಕ್ಕೆ ಹೊರದೇಶದಿಂದ ಕೋಳಿ ಅಥವಾ ಮರಿಮಾಡುವ ಮೊಟ್ಟೆ ತರಲು ಕೇಂದ್ರ ಪಶುಸಂಗೋಪನಾ ಇಲಾಖೆಯ ಆಮದು ಪರವಾನಗಿ ಬೇಕು. ಸೂಟ್‌ಕೇಸಿನಲ್ಲಿ ನಾಲ್ಕು ಮೊಟ್ಟೆ ಇಟ್ಟುಕೊಂಡು ಬರುವ ಯೋಚನೆ ಖಂಡಿತ ಬೇಡ, ಅದರ ಜೊತೆ ರೋಗವೂ ಬರುತ್ತದೆ. ಆದರೆ ಇಲ್ಲಿರುವ ಲೆಕ್ಕ ಇಡುವ ಕ್ರಮ, ಜೋಡಿ ಮಾಡುವ ಕ್ರಮ ನಾಟಿ ಕೋಳಿಗೂ ನಡೆಯುತ್ತದೆ.

ಬಣ್ಣ ಎಲ್ಲಿಂದ ಬರುತ್ತದೆ

ಇದು ಗೊತ್ತಿಲ್ಲದೆ ಮುಂದೆ ಹೋಗಬೇಡಿ. ಕಂದು ಮೊಟ್ಟೆಯ ಚಿಪ್ಪೂ ಮೊದಲು ಬಿಳಿಯೇ. ಚಿಪ್ಪು ಕಟ್ಟುವ ಚೀಲದಲ್ಲಿ ಮೊಟ್ಟೆ ಸುಮಾರು 20 ಗಂಟೆ ಇರುತ್ತದೆ. ಅದರ ಕೊನೆಯ ಕೆಲವು ಗಂಟೆಗಳಲ್ಲಿ ಕಂದು ಬಣ್ಣದ ಮುಖ್ಯ ಭಾಗ ಚಿಪ್ಪಿನ ಹೊರಮೈ ಮೇಲೆ ಕೂರುತ್ತದೆ. ಈ ಬಣ್ಣದ ಹೆಸರು ಪ್ರೋಟೋಪಾರ್ಫಿರಿನ್. ಹೊರಗೆ ಬಳಿದಂತೆ ಇರುವುದರಿಂದಲೇ ಈಗಷ್ಟೇ ಇಟ್ಟ ಒದ್ದೆ ಮೊಟ್ಟೆಯನ್ನು ಬೆರಳಿನಿಂದ ಉಜ್ಜಿದರೆ ಬಣ್ಣ ಕೈಗೆ ಬರುತ್ತದೆ, ಗೀರು ಉಳಿದುಬಿಡುತ್ತದೆ. ಒಡೆದು ನೋಡಿದರೆ ಒಳಗೆ ಚಿಪ್ಪು ಬೆಳ್ಳಗಿರುತ್ತದೆ.

ನೀಲಿ ಮೊಟ್ಟೆಯ ಕತೆ ಬೇರೆ. ಅರಾಕಾನಾ ಥರದ ಕೋಳಿಯಲ್ಲಿ ನೀಲಿ ಬಣ್ಣ ಚಿಪ್ಪಿನ ಒಳಗಿನವರೆಗೂ ಇಳಿದಿರುತ್ತದೆ, ಮತ್ತು ಆ ಗುಣ ಒಂದೇ ಒಂದು ಪ್ರಬಲ ಜೀನ್‌ನಿಂದ ಬರುತ್ತದೆ. ಕಂದು ಬಣ್ಣ ಹಾಗಲ್ಲ. ಹಲವು ಜೀನ್‌ಗಳು ಸೇರಿ ಆಗುವಂಥದ್ದು. ಹಾಗಾಗಿ ಕಡು ಮೊಟ್ಟೆಯ ಕೋಳಿಯನ್ನು ತಿಳಿ ಮೊಟ್ಟೆಯದಕ್ಕೆ ಕೂಡಿಸಿದರೆ ಮರಿಗಳ ಮೊಟ್ಟೆ ಸಾಮಾನ್ಯವಾಗಿ ನಡುವಿನ ಬಣ್ಣಕ್ಕೆ ಬರುತ್ತದೆ. ಕಳೆದುಕೊಳ್ಳಲು ಒಂದು ತಲೆಮಾರು ಸಾಕು, ಮರಳಿ ಪಡೆಯಲು ಹಲವು ಬೇಕು.

ಮತ್ತೊಂದು ಮಾತು. ಆಹಾರದಿಂದ ಕಡು ಬಣ್ಣ ಬರುವುದಿಲ್ಲ. ಹಳದಿ ಲೋಳೆಯ ಬಣ್ಣ ಮೇವಿನಿಂದ ಬದಲಾಗುತ್ತದೆ, ಚಿಪ್ಪಿನ ಕಂದು ಬಣ್ಣ ಅಲ್ಲ. ಬಣ್ಣ ಕೆಡಿಸುವ ಸಂಗತಿಗಳು ಮಾತ್ರ ಬೇಕಾದಷ್ಟಿವೆ: ಬಿಸಿಲಿನ ಝಳ, ಗಾಬರಿ, ಹುಳುಬಾಧೆ, ಇನ್ಫೆಕ್ಷಿಯಸ್ ಬ್ರಾಂಕೈಟಿಸ್ ಥರದ ರೋಗ, ಮತ್ತು ನಿಕಾರ್ಬಜಿನ್ ಅನ್ನುವ, ಕರುಳಿನ ಕಾಕ್ಸಿಡಿಯಾ ಪರಾವಲಂಬಿಗೆ ಕೊಡುವ ಔಷಧಿ. ಆ ಔಷಧಿ ಬೆರೆತ ಮಾಂಸದ ಕೋಳಿಯ ಮೇವು ತಪ್ಪಿ ನಿಮ್ಮ ಹೇಂಟೆಗಳ ಹೊಟ್ಟೆ ಸೇರಿದರೆ ಮೊಟ್ಟೆ ಬಿಳಿಚಿಕೊಳ್ಳುತ್ತದೆ. ಚೀಲದ ಮೇಲಿನ ಚೀಟಿ ಓದದೆ ಮೇವು ಹಾಕಬೇಡಿ.

ಮೊದಲ ಹೆಜ್ಜೆ: ಬುನಾದಿ ಕೋಳಿ

ದುಡ್ಡು ಖರ್ಚು ಮಾಡುವುದಾದರೆ ಇಲ್ಲಿ ಮಾಡಿ. ದೊಡ್ಡ ಇನ್‌ಕ್ಯುಬೇಟರ್, ಚೆಂದದ ಮರದ ಗೂಡು ಎಲ್ಲಾ ಆಮೇಲೆ.

ಮಾರುವವರ ಹತ್ತಿರ ಒಂದು ಕಡು ಮೊಟ್ಟೆಯ ಫೋಟೋ ನೋಡಿ ಮರುಳಾಗಬೇಡಿ. ನೆರಳಲ್ಲಿ ತೆಗೆದ ಫೋಟೋ, ಒದ್ದೆ ಮೊಟ್ಟೆಯ ಫೋಟೋ, ಮೊದಲ ವಾರದ ಮೊಟ್ಟೆಯ ಫೋಟೋ ಎಲ್ಲವೂ ಇದ್ದದ್ದಕ್ಕಿಂತ ಕಪ್ಪಾಗಿ ಕಾಣುತ್ತವೆ. ಆ ಗುಂಪಿನ ಎಲ್ಲಾ ಹೇಂಟೆಗಳ ಒಂದು ದಿನದ ಮೊಟ್ಟೆಗಳನ್ನು ಒಟ್ಟಿಗೆ ನೋಡಲು ಕೇಳಿ. ಒಂದು ಬುಟ್ಟಿಯಲ್ಲಿ ಒಂದು ಕಡುಗಪ್ಪು, ಉಳಿದವು ಮಾಮೂಲಿ ಕಂದು ಇದ್ದರೆ ಬೇಡ. ಎಲ್ಲವೂ ಒಂದೇ ಮಟ್ಟದ ಕಂದು ಇದ್ದರೆ, ಆ ಒಂದು ಮೊಟ್ಟೆಯಷ್ಟು ಕಪ್ಪಲ್ಲದಿದ್ದರೂ, ಅದೇ ಒಳ್ಳೆಯ ಬುನಾದಿ.

ಹುಂಜದ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದೇ: ಇದರ ತಾಯಿಯ ಮೊಟ್ಟೆ ಯಾವ ಬಣ್ಣ? ಹುಂಜ ಮೊಟ್ಟೆ ಇಡುವುದಿಲ್ಲ, ಆದರೆ ಮಗಳ ಮೊಟ್ಟೆಯ ಬಣ್ಣದಲ್ಲಿ ಅರ್ಧ ಪಾಲು ಅದರದ್ದೇ. ಜೊತೆಗೆ, ಹೇಂಟೆಮರಿಗೆ ಲಿಂಗದ ಕ್ರೋಮೊಸೋಮ್‌ಗಳಲ್ಲಿ ದೊಡ್ಡದಾದ ಝಡ್ ಬರುವುದು ಅಪ್ಪನಿಂದ ಮಾತ್ರ. ಅದರಲ್ಲಿ ಬಣ್ಣಕ್ಕೆ ಸಂಬಂಧಿಸಿದ್ದು ಏನಿದ್ದರೂ ಹುಂಜದಿಂದಲೇ ಬರಬೇಕು. ತಾಯಿ, ಅಕ್ಕತಂಗಿಯರ ಮೊಟ್ಟೆ ಗೊತ್ತಿಲ್ಲದ ಹುಂಜ ಎಷ್ಟೇ ಚೆಂದ ಇರಲಿ, ಅದನ್ನು ನಾನು ತಳಿಗೆ ಬಳಸುವುದಿಲ್ಲ.

ಬೇರೆ ಬೇರೆ ತಳಿ ಬೆರೆತ ಹಿತ್ತಿಲಿನಿಂದ ಹುಂಜ ತರುವುದೂ ಬೇಡ. ಅದರಲ್ಲಿ ನೀಲಿ ಮೊಟ್ಟೆಯ ಜೀನ್ ಅಡಗಿದ್ದರೆ ಹೊರಗೆ ಗೊತ್ತಾಗುವುದಿಲ್ಲ. ಮಗಳು ಆಲಿವ್ ಬಣ್ಣದ ಮೊಟ್ಟೆ ಇಟ್ಟ ದಿನ ಗೊತ್ತಾಗುತ್ತದೆ, ಅಷ್ಟರಲ್ಲಿ ಒಂದು ವರ್ಷ ಹೋಗಿರುತ್ತದೆ.

ಒಂದು ಹುಂಜ, ನಾಲ್ಕು ಹೇಂಟೆ. ಇದಕ್ಕಿಂತ ಜಾಸ್ತಿ ಬೇಕಾಗಿಲ್ಲ. ಸಾಧ್ಯವಾದರೆ ಒಂದೇ ಸಾಲಿನವು. ನಾಲ್ಕು ಕಡೆಯಿಂದ ನಾಲ್ಕು ಕೋಳಿ ತಂದರೆ ಮೊದಲ ತಲೆಮಾರು ಗಟ್ಟಿಯಾಗೇನೋ ಇರುತ್ತದೆ, ಆದರೆ ಮರಿಗಳು ಒಂದೊಂದು ಒಂದೊಂದು ಥರ.

ನಾನಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿ 2024ರ ಅಕ್ಟೋಬರ್ 1ರಿಂದ ಒಂದೇ ಕೋಳಿ ಇದ್ದರೂ ಸರ್ಕಾರದಲ್ಲಿ ನೋಂದಾಯಿಸಬೇಕು. ಹಕ್ಕಿಜ್ವರ ಬಂದಾಗ ಕೋಳಿಗಳನ್ನು ಒಳಗೇ ಇಡುವ ಆದೇಶ ಬರುತ್ತದೆ, ಪ್ರದರ್ಶನಗಳಿಗೆ ತಡೆಯೂ ಬೀಳುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರು ಎನ್‌ಪಿಐಪಿ (ಅಲ್ಲಿನ ರಾಷ್ಟ್ರೀಯ ಕೋಳಿ ಸುಧಾರಣಾ ಯೋಜನೆ) ಪ್ರಮಾಣಪತ್ರ ಇರುವವರಿಂದಲೇ ಕೊಳ್ಳುವುದು ಒಳ್ಳೆಯದು. ಪುಲ್ಲೋರಮ್ ರೋಗದ ಪರೀಕ್ಷೆ ಅದರಲ್ಲಿ ಸೇರಿರುತ್ತದೆ.

ಎರಡನೇ ಹೆಜ್ಜೆ: ಯಾವ ಮೊಟ್ಟೆ ಯಾರದ್ದು

ಈಗ ನೋಟ್‌ಬುಕ್ ತೆಗೆಯಿರಿ.

ನಾಲ್ಕು ಹೇಂಟೆ ಒಂದೇ ಗೂಡಿನಲ್ಲಿ ಇಡುತ್ತಿದ್ದರೆ ಯಾರ ಮೊಟ್ಟೆ ಯಾವುದು ಅಂತ ಹೇಳುವುದು ಕಷ್ಟ. ಕೆಲವರು ಆಕಾರ, ಚುಕ್ಕೆ ನೋಡಿ ಹೇಳುತ್ತಾರೆ, ಅದು ಒಂದು ಮಟ್ಟಿಗೆ ಸರಿ. ಆದರೆ ತಳಿ ಆರಿಸುವಾಗ ಊಹೆ ಸಾಲದು. ಟ್ರ್ಯಾಪ್ ನೆಸ್ಟ್ ಮಾಡಿಕೊಳ್ಳಿ. ಸುಮ್ನೆ ಒಂದು ಮರದ ಪೆಟ್ಟಿಗೆ, ಮುಂದೆ ಕೋಳಿ ಒಳಹೊಕ್ಕಾಗ ಬೀಳುವ ಬಾಗಿಲು. ಮೊಟ್ಟೆ ಇಟ್ಟ ಮೇಲೆ ನೀವೇ ಬಂದು ಬಿಡಬೇಕು, ಹಾಗಾಗಿ ಮನೆಯಲ್ಲಿ ಇರುವ ದಿನ ಮಾತ್ರ ಬಾಗಿಲು ಹಾಕಿ. ಅದೂ ಆಗದಿದ್ದರೆ ಒಂದೊಂದು ಹೇಂಟೆಯನ್ನು ಕೆಲವು ದಿನ ಬೇರೆ ಇಟ್ಟು ನೋಡಿ.

ಮೊಟ್ಟೆ ಪೂರ್ತಿ ಒಣಗಿದ ಮೇಲೆ ಪೆನ್ಸಿಲಿನಿಂದ ದಪ್ಪ ತುದಿಯ ಮೇಲೆ ಹೇಂಟೆಯ ಕಾಲಿಗೆ ಹಾಕಿದ ಉಂಗುರದ ನಂಬರ್, ದಿನಾಂಕ ಬರೆಯಿರಿ. ಆಮೇಲೆ ಬಣ್ಣದ ಅಂಕ. ಫ್ರಾನ್ಸಿನ ಮರಾನ್ ಕ್ಲಬ್ಬಿನ ಬಣ್ಣದ ಪಟ್ಟಿಯಲ್ಲಿ 1ರಿಂದ 9ರವರೆಗೆ ಅಂಕಗಳಿವೆ. 4ಕ್ಕಿಂತ ಕೆಳಗಿದ್ದರೆ ಅದನ್ನು ಮರಾನ್ ಮೊಟ್ಟೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮುದ್ರಿತ ಪಟ್ಟಿಯನ್ನೇ ಬಳಸಿ. ಮೊಬೈಲಿನ ತೆರೆಯ ಮೇಲೆ ಬಣ್ಣ ಒಂದೊಂದರಲ್ಲಿ ಒಂದೊಂದು ಥರ ಕಾಣುತ್ತದೆ. ಒಂದೇ ಕಿಟಕಿ, ಒಂದೇ ಹೊತ್ತು, ನೇರ ಬಿಸಿಲು ಬೀಳದ ಬೆಳಕು. ಹೀಗೆ ಮಾಡಿದರೆ ಈ ವರ್ಷದ ಅಂಕವನ್ನು ಹೋದ ವರ್ಷದ್ದಕ್ಕೆ ಹೋಲಿಸಬಹುದು.

ಯಾವ ಹಂತದ ಅಂಕ ಎಣಿಸಬೇಕು ಅನ್ನುವುದು ಮುಖ್ಯ. ಎಳೆ ಹೇಂಟೆಯ ಮೊದಲ ಮೊಟ್ಟೆಗಳು ಚಿಕ್ಕದಾಗಿ, ತುಂಬಾ ಕಡುವಾಗಿ ಇರುತ್ತವೆ. ಅವನ್ನು ನಂಬಬೇಡಿ. ಮೊಟ್ಟೆ ದೊಡ್ಡದಾಗುತ್ತಾ, ತಿಂಗಳು ಕಳೆಯುತ್ತಾ ಬಣ್ಣ ತಿಳಿಯಾಗುತ್ತದೆ. ಪುಕ್ಕ ಉದುರಿಸಿ, ಮೊಟ್ಟೆ ನಿಲ್ಲಿಸಿ, ವಿಶ್ರಾಂತಿ ಪಡೆದು ಮತ್ತೆ ಶುರುಮಾಡಿದಾಗ ಬಣ್ಣ ಮರಳುತ್ತದೆ. ನಾನು ಎರಡು ಅಂಕ ಬರೆಯುತ್ತೇನೆ. ಶುರುವಾಗಿ ಒಂದು ತಿಂಗಳಾದ ಮೇಲಿನದ್ದು ಒಂದು, ನಾಲ್ಕನೇ ತಿಂಗಳಿನದ್ದು ಇನ್ನೊಂದು. ಮೊದಲಿನದು 7 ಇದ್ದು ಆಮೇಲೆ 4ಕ್ಕೆ ಇಳಿಯುವ ಹೇಂಟೆಗಿಂತ, 6ರಲ್ಲಿ ಶುರುವಾಗಿ 5ರಲ್ಲೇ ನಿಲ್ಲುವ ಹೇಂಟೆ ನನಗೆ ಮೇಲು. ಬಣ್ಣ ಹಿಡಿದಿಟ್ಟುಕೊಳ್ಳುವ ಗುಣವನ್ನೂ ಆರಿಸಿ ಬೆಳೆಸಬಹುದು, ಇದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ.

ಎಷ್ಟು ಮೊಟ್ಟೆ ಇಟ್ಟಿತು ಅನ್ನುವುದನ್ನೂ ಬರೆಯಿರಿ. ಅಪರೂಪಕ್ಕೆ ಇಡುವ ಹೇಂಟೆಯ ಮೊಟ್ಟೆ ಹೆಚ್ಚಾಗಿ ಕಡುವಾಗಿಯೇ ಇರುತ್ತದೆ. ಬರೀ ಬಣ್ಣ ನೋಡಿ ಆರಿಸುತ್ತಾ ಹೋದರೆ ನಾಲ್ಕು ತಲೆಮಾರಿನಲ್ಲಿ ಮೊಟ್ಟೆಯೇ ಇಡದ ಕೋಳಿಗಳು ನಿಮ್ಮ ಹಿತ್ತಿಲಲ್ಲಿ ಇರುತ್ತವೆ. ವಾರಕ್ಕೆ ಮೂರು ಅಥವಾ ನಾಲ್ಕು ಇಟ್ಟರೆ ಮರಾನ್‌ಗೆ ಒಳ್ಳೆಯ ಲೆಕ್ಕವೇ.

ನೇರಳೆ ಪುಡಿ ಸವರಿದಂತೆ ಮಂಕಾಗಿ ಕಾಣುವ ಮೊಟ್ಟೆ ಕೆಲವೊಮ್ಮೆ ಸಿಗುತ್ತದೆ. ಮೊಟ್ಟೆ ಒಳಗೆ ಜಾಸ್ತಿ ಹೊತ್ತು ನಿಂತು, ಬಣ್ಣದ ಮೇಲೆ ಇನ್ನೊಂದು ತೆಳು ಸುಣ್ಣದ ಪದರ ಕೂತಾಗ ಹೀಗಾಗುತ್ತದೆ. ಆಗೊಮ್ಮೆ ಈಗೊಮ್ಮೆ ಆದರೆ ಚಿಂತೆ ಇಲ್ಲ. ಒಂದೇ ಹೇಂಟೆ ದಿನಾ ಹಾಗೇ ಇಟ್ಟರೆ ಗೂಡಿನಲ್ಲಿ ಏನೋ ಕಾಟ ಇದೆ, ಹುಡುಕಿ.

ಮೂರನೇ ಹೆಜ್ಜೆ: ರೂಪ ನೋಡಲು ಕಲಿಯುವುದು

ಕೋಳಿಯನ್ನು ದೂರದಿಂದ ನೋಡಲು ಶುರುಮಾಡಿ. ಬಣ್ಣ ಆಮೇಲೆ, ಮೊದಲು ಆಕಾರ. ಮರಾನ್ ಗಟ್ಟಿ ಮೈಯ ಕೋಳಿ. ಹೆಗಲು ಅಗಲ, ಬೆನ್ನು ಉದ್ದ, ಬಾಲ ಸುಮಾರು 45 ಡಿಗ್ರಿ ಓರೆಯಲ್ಲಿ. ಬಾಲ ನೆಟ್ಟಗೆ ನಿಂತು ತಲೆಯ ಕಡೆಗೆ ಬಾಗಿದರೆ ದೊಡ್ಡ ದೋಷ. ಹುಂಜ ಮೂರೂವರೆಯಿಂದ ನಾಲ್ಕು ಕಿಲೋ, ಹೇಂಟೆ 2.6ರಿಂದ 3.2 ಕಿಲೋ ತೂಗಬೇಕು ಅನ್ನುತ್ತದೆ ಫ್ರೆಂಚ್ ಮಾನದಂಡ. ಕಡು ಮೊಟ್ಟೆಯ ಬೆನ್ನು ಹತ್ತಿದವರ ಹತ್ತಿರ ಕೋಳಿಗಳು ಸಣ್ಣಗಾಗುತ್ತಾ ಹೋಗುವುದನ್ನು ಬೇಕಾದಷ್ಟು ಕಡೆ ಕಾಣಬಹುದು. ತಕ್ಕಡಿ ಇಟ್ಟುಕೊಳ್ಳಿ.

ಆಮೇಲೆ ಕೈಗೆ ಎತ್ತಿಕೊಂಡು ತಲೆಯಿಂದ ಶುರುಮಾಡಿ. ಒಂಟಿ ಜುಟ್ಟು, ನೆಟ್ಟಗೆ, ಹಲ್ಲುಗಳು ಸಮ. ಜುಟ್ಟಿನ ಪಕ್ಕದಿಂದ ಸಣ್ಣ ಮೊಳಕೆಯಂತೆ ಚಾಚಿಕೊಂಡಿದ್ದರೆ ಆ ಕೋಳಿಯನ್ನು ತಳಿಗೆ ಬಳಸಬೇಡಿ, ಮರಿಗಳಿಗೂ ಬರುತ್ತದೆ. ಕಣ್ಣು ಕಿತ್ತಳೆ-ಕೆಂಪು, ಕಪ್ಪಾಗಿರಬಾರದು. ಕಿವಿಯ ಹಾಲೆ ಪೂರ್ತಿ ಕೆಂಪು, ಬಿಳಿ ಇದ್ದರೆ ದೋಷ.

ಬಣ್ಣಕ್ಕೆ ಬಂದರೆ, ಹುಂಜದ ಕೊರಳು ಮತ್ತು ಸೊಂಟದ ಗರಿ ತಾಮ್ರ, ಹೆಗಲು ಕಡು ಕೆಂಪು, ಎದೆ ಕಪ್ಪು, ಹೆಚ್ಚೆಂದರೆ ಅಲ್ಲಲ್ಲಿ ತಾಮ್ರದ ಚುಕ್ಕೆ. ಹೇಂಟೆ ಕಪ್ಪು, ಕೊರಳಲ್ಲಿ ಮಾತ್ರ ತಾಮ್ರ. ಹುಲ್ಲಿನ ಹಳದಿ ಬಣ್ಣದ ಕೊರಳು ತಪ್ಪು. ಹೇಂಟೆಯ ಬೆನ್ನಿನ ಗರಿಯಲ್ಲಿ ಕಂದು ಪುಡಿ ಉದುರಿಸಿದಂತೆ ಇದ್ದರೂ ತಪ್ಪು.

ಕಾಲನ್ನು ತಿರುಗಿಸಿ ಪಾದ ನೋಡಿ. ಕಾಲು ಬೂದು ಇರಬಹುದು, ಆದರೆ ಅಂಗಾಲು ಬಿಳಿ ಅಥವಾ ಗುಲಾಬಿ ಇರಬೇಕು. ಹಳದಿ ಅಂಗಾಲು ಕಂಡರೆ ಅದು ತಂದೆ ತಾಯಿ ಇಬ್ಬರಿಂದಲೂ ಬಂದದ್ದು, ಯಾಕೆಂದರೆ ಹಳದಿ ಚರ್ಮ ಅಡಗಿಕೊಂಡು ಬರುವ ಗುಣ. ಅಂದರೆ ನೀವು ಈ ಒಂದು ಮರಿಯನ್ನಲ್ಲ, ಆ ಜೋಡಿಯನ್ನೇ ಮರುಯೋಚನೆ ಮಾಡಬೇಕು. ಗರಿ ಕಾಲಿನ ಹೊರಬದಿ ಮತ್ತು ಹೊರಬೆರಳಿನ ಮೇಲೆ ಸಾಕು. ನಡುಬೆರಳಿನ ತುಂಬಾ ಗರಿ ಇದ್ದರೆ ಜಾಸ್ತಿಯಾಯಿತು.

ನಾಲ್ಕನೇ ಹೆಜ್ಜೆ: ಜೋಡಿ ಮಾಡುವುದು

ಎಲ್ಲಾ ಬಣ್ಣದ ಹೇಂಟೆಗಳ ಜೊತೆ ಒಂದು ಹುಂಜ ಬಿಟ್ಟು ಮರಿಗಳಲ್ಲಿ ಚೆನ್ನಾಗಿರುವುದನ್ನು ಇಟ್ಟುಕೊಳ್ಳುವುದು ತಳಿ ಬೆಳೆಸುವುದಲ್ಲ. ಪ್ರತಿ ಹೇಂಟೆಗೂ ಯಾವ ಹುಂಜ, ಯಾಕೆ ಅಂತ ನೀವು ಹೇಳಬಲ್ಲವರಾಗಬೇಕು.

ನಿಯಮ ಸರಳ. ಎರಡರಲ್ಲೂ ಒಂದೇ ದೋಷ ಇರುವ ಜೋಡಿ ಮಾಡಬೇಡಿ. ಹೇಂಟೆಯಲ್ಲಿ ತಾಮ್ರ ಕಡಿಮೆ, ಪೂರ್ತಿ ಕಪ್ಪಾಗಿದೆ ಅಂದರೆ ಎದೆಯಲ್ಲಿ ತಾಮ್ರದ ಚುಕ್ಕೆ ಸ್ವಲ್ಪ ಜಾಸ್ತಿಯೇ ಇರುವ ಹುಂಜ ಬಿಡಿ. ಕೆಂಪು ಜಾಸ್ತಿಯಾದ ಹೇಂಟೆಗೆ ಎದೆ ಪೂರ್ತಿ ಕಪ್ಪಿರುವ ಹುಂಜ. ಆದರೆ ಮೊಟ್ಟೆಯ ಬಣ್ಣದಲ್ಲಿ ಈ ಸರಿದೂಗಿಸುವ ಲೆಕ್ಕ ಬೇಡ. ಅಲ್ಲಿ ಯಾವಾಗಲೂ ಕಡು ಸಾಲಿಗೆ ಕಡು ಸಾಲೇ.

ಹಾಗಾದರೆ ರೂಪ ಒಳ್ಳೆಯದಿದ್ದು ಮೊಟ್ಟೆ ತಿಳಿ ಇದ್ದರೆ? ಮೊಟ್ಟೆ ಕಡುವಿದ್ದು ಜುಟ್ಟು, ಕಾಲು ಸರಿ ಇಲ್ಲದಿದ್ದರೆ? ನಾನು ಎರಡನೆಯದನ್ನೇ ಇಟ್ಟುಕೊಳ್ಳುತ್ತೇನೆ. ಜುಟ್ಟು, ಕಾಲಿನ ಗರಿ, ಕೊರಳಿನ ಬಣ್ಣ ಇವೆಲ್ಲ ಮರಿಯಲ್ಲಿ ಕಣ್ಣಿಗೆ ಕಾಣುತ್ತವೆ, ಹುಂಜದಲ್ಲೂ ಹೇಂಟೆಯಲ್ಲೂ ಕಾಣುತ್ತವೆ, ಹಾಗಾಗಿ ಬೇಗ ಆರಿಸಬಹುದು. ಮೊಟ್ಟೆಯ ಬಣ್ಣ ಆರು ಏಳು ತಿಂಗಳು ಕಾದ ಮೇಲೆ, ಅದೂ ಹೇಂಟೆಯಲ್ಲಿ ಮಾತ್ರ ಕಾಣುತ್ತದೆ. ತಡವಾಗಿ ಕಾಣುವ ಗುಣವನ್ನು ಮೊದಲು ಗಟ್ಟಿ ಮಾಡಿಕೊಂಡು, ಬೇಗ ಕಾಣುವುದನ್ನು ಆಮೇಲೆ ತಿದ್ದುವುದು ನನಗೆ ಸರಿ ಅನ್ನಿಸಿದ ದಾರಿ. ಪ್ರದರ್ಶನವೇ ಮುಖ್ಯ ಅನ್ನುವವರು ಇದನ್ನು ಒಪ್ಪುವುದಿಲ್ಲ, ಅವರ ಹತ್ತಿರ ಕಪ್‌ಗಳೂ ಇರುತ್ತವೆ. ಆದರೆ ತಿಳಿ ಮೊಟ್ಟೆಯ ಮರಾನ್ ಯಾಕೆ ಬೇಕು?

ನೆಂಟಸ್ತಿಕೆಯ ವಿಷಯ. ತಂದೆ-ಮಗಳು, ತಾಯಿ-ಮಗ ಜೋಡಿ ಒಂದು ಸಲ ಮಾಡಬಹುದು, ಒಳ್ಳೆಯ ಗುಣ ಗಟ್ಟಿಯಾಗುತ್ತದೆ. ಅಣ್ಣ-ತಂಗಿಯನ್ನು ಕೂಡಿಸುವುದನ್ನು ಆದಷ್ಟು ಬಿಡಿ. ಜಾಗ ಇದ್ದರೆ ಮೂರು ಗುಂಪಿನ ಕ್ರಮ ಎಲ್ಲಕ್ಕಿಂತ ಒಳ್ಳೆಯದು. ಅ, ಆ, ಇ ಅಂತ ಮೂರು ಗುಂಪು. ಹೆಣ್ಣುಮಕ್ಕಳು ತಾಯಿಯ ಗುಂಪಿನಲ್ಲೇ ಉಳಿಯುತ್ತವೆ. ಪ್ರತಿ ವರ್ಷ ಅ ಗುಂಪಿನ ಒಳ್ಳೆಯ ಮಗ ಆ ಗುಂಪಿಗೆ, ಆ ಗುಂಪಿನದು ಇ ಗುಂಪಿಗೆ, ಇ ಗುಂಪಿನದು ಅ ಗುಂಪಿಗೆ. ಹೀಗೆ ಹೊರಗಿನ ರಕ್ತ ಇಲ್ಲದೆ ಬಹಳ ವರ್ಷ ನಡೆಸಬಹುದು. ಮರಿ ಒಡೆಯುವ ಪ್ರಮಾಣ ಇಳಿಯುತ್ತಿದ್ದರೆ, ಮರಿಗಳು ಸೊರಗುತ್ತಿದ್ದರೆ ಹೊರಗಿನಿಂದ ಒಂದು ಹೇಂಟೆ ತನ್ನಿ. ಹುಂಜ ತರಬೇಡಿ. ಹೇಂಟೆಯ ಮೊಟ್ಟೆಯನ್ನು ಕಣ್ಣಾರೆ ನೋಡಬಹುದು, ಅವಳಿಂದ ಕೆಟ್ಟದ್ದು ಬಂದರೂ ಅವಳ ಮರಿಗಳಲ್ಲಿ ಮಾತ್ರ ಉಳಿಯುತ್ತದೆ.

ಹುಂಜ ಬದಲಿಸಿದ ಮೇಲೆ ಮೂರರಿಂದ ನಾಲ್ಕು ವಾರ ಕಾಯಿರಿ. ಹಳೆಯ ಹುಂಜದ ವೀರ್ಯ ಹೇಂಟೆಯ ಒಡಲಲ್ಲಿ ಎರಡು ಮೂರು ವಾರ ಉಳಿಯುತ್ತದೆ. ಅವಸರ ಮಾಡಿದರೆ ನೋಟ್‌ಬುಕ್ಕಿನ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ವೀಟನ್ (ಗೋಧಿ) ಬಣ್ಣದ ಮರಾನನ್ನು ಬ್ಲ್ಯಾಕ್ ಕಾಪರ್‌ಗೆ ಬೆರೆಸಬೇಡಿ. ಮೊದಲ ತಲೆಮಾರು ಹೆಚ್ಚುಕಡಿಮೆ ಕಪ್ಪಾಗಿಯೇ ಕಾಣುತ್ತದೆ, ವೀಟನ್ ಒಳಗೆ ಅಡಗಿ ಕೂರುತ್ತದೆ. ಎಷ್ಟೋ ವರ್ಷದ ಮೇಲೆ ಕಪ್ಪು ಮರಿಗಳ ನಡುವೆ ಕೆನೆಬಣ್ಣದ ಮರಿ ಬಂದಾಗ ಯಾವ ಹುಂಜದಿಂದ ಬಂತು ಅಂತ ಹುಡುಕುವುದು ಬಹಳ ಕಷ್ಟ.

ಐದನೇ ಹೆಜ್ಜೆ: ಮರಿ ಮಾಡಿಸುವುದು

ತಳಿ ಗುಂಪಿಗೆ ಮೊಟ್ಟೆ ಕೂಡಿಸುವ ಒಂದು ತಿಂಗಳು ಮೊದಲೇ ಒಳ್ಳೆಯ ಮೇವು ಶುರುಮಾಡಿ. ಪ್ರೋಟೀನ್ 16ರಿಂದ 18 ಶೇಕಡಾ ಇರಲಿ, ಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ. 60 ಗ್ರಾಮಿಗಿಂತ ಮೇಲಿನ, ಆಕಾರ ಚೆನ್ನಾಗಿರುವ ಮೊಟ್ಟೆ ಮಾತ್ರ ಆರಿಸಿ. ತೊಳೆಯಬೇಡಿ. ಚೂಪು ತುದಿ ಕೆಳಗೆ ಮಾಡಿ, 13ರಿಂದ 16 ಡಿಗ್ರಿ ತಂಪಿನಲ್ಲಿ, ಒಂದು ವಾರದ ಒಳಗೆ ಇನ್‌ಕ್ಯುಬೇಟರಿಗೆ ಹಾಕಿ.

ಕಡು ಮೊಟ್ಟೆಯ ಜೊತೆ ಎರಡು ತೊಂದರೆ. ಒಂದು, ಬೆಳಕು ಹಿಡಿದರೆ ಒಳಗೇನೂ ಕಾಣುವುದಿಲ್ಲ. ಏಳನೇ ದಿನ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಹತ್ತನೇ ದಿನ, ಪೂರ್ತಿ ಕತ್ತಲ ಕೋಣೆಯಲ್ಲಿ, ಪ್ರಖರವಾದ ಸಣ್ಣ ಟಾರ್ಚನ್ನು ದಪ್ಪ ತುದಿಗೆ ಒತ್ತಿ ಹಿಡಿದು ನೋಡಿ. ಆಗಲೂ ಅನುಮಾನ ಇದ್ದರೆ ಎಸೆಯಬೇಡಿ.

ಎರಡನೆಯದು ತೇವದ ಸಮಸ್ಯೆ. ಕಡು ಚಿಪ್ಪಿನಿಂದ ನೀರಿನಂಶ ನಿಧಾನ ಹೊರಹೋಗುತ್ತದೆ ಅನ್ನುವುದು ಮರಾನ್ ಸಾಕುವವರೆಲ್ಲ ಹೇಳುವ ಮಾತು. ನೀರಿನಂಶ ಸಾಕಷ್ಟು ಹೋಗದಿದ್ದರೆ ಗಾಳಿಯ ಜಾಗ ಚಿಕ್ಕದಾಗಿ, ಪೂರ್ತಿ ಬೆಳೆದ ಮರಿ ಕೊನೆಯ ದಿನ ಒಳಗೇ ಸಾಯುತ್ತದೆ. ಇದಕ್ಕೆ ಪರಿಹಾರ ತೇವದ ಮೀಟರ್ ಅಲ್ಲ, ತಕ್ಕಡಿ. 18 ದಿನದಲ್ಲಿ ಮೊಟ್ಟೆ ತನ್ನ ತೂಕದ 11ರಿಂದ 13 ಶೇಕಡಾ ಕಳೆದುಕೊಳ್ಳಬೇಕು. 70 ಗ್ರಾಮಿನ ಮೊಟ್ಟೆ ಅಂದುಕೊಳ್ಳಿ. 12 ಶೇಕಡಾ ಅಂದರೆ 8.4 ಗ್ರಾಂ, 18ನೇ ದಿನಕ್ಕೆ ಅದು 61.6 ಗ್ರಾಂ ತೂಗಬೇಕು. ಏಳನೇ ದಿನಕ್ಕೆ ಸುಮಾರು 66.7. ಏಳನೇ ದಿನ ತೂಗಿದಾಗ ಇನ್ನೂ 68 ಇದ್ದರೆ ನೀರಿನ ತಟ್ಟೆ ತೆಗೆದುಬಿಡಿ, 65ಕ್ಕೆ ಇಳಿದಿದ್ದರೆ ನೀರು ಹಾಕಿ. ಒಂದು ಮೊಟ್ಟೆಯನ್ನಲ್ಲ, ಇಡೀ ತಟ್ಟೆಯನ್ನು ತೂಗಿ ಸರಾಸರಿ ನೋಡಿ.

ಫ್ಯಾನ್ ಇರುವ ಯಂತ್ರದಲ್ಲಿ ಶಾಖ 37.5 ಡಿಗ್ರಿ. 18ನೇ ದಿನ ತಿರುಗಿಸುವುದು ನಿಲ್ಲಿಸಿ, ತೇವವನ್ನು 65ರಿಂದ 70 ಶೇಕಡಾಕ್ಕೆ ಏರಿಸಿ, 21ನೇ ದಿನದವರೆಗೆ ಮುಚ್ಚಳ ತೆಗೆಯಬೇಡಿ. ಆ ಮೂರು ದಿನಕ್ಕೆ ಒಂದೊಂದು ಹೇಂಟೆಯ ಮೊಟ್ಟೆಗಳನ್ನು ಬಲೆಯ ಚೀಲ ಅಥವಾ ಬೇರೆ ಬೇರೆ ಬುಟ್ಟಿಯಲ್ಲಿ ಇಡಿ. ಯಾರ ಮರಿ ಯಾವುದು ಅಂತ ಗೊತ್ತಾಗುವುದು ಹಾಗೆ ಮಾತ್ರ. ಒಣಗಿದ ತಕ್ಷಣ ಕಾಲಿಗೆ ಬಣ್ಣದ ಉಂಗುರ ಹಾಕಿ, ಬೆಳೆದಂತೆ ಬದಲಿಸುತ್ತಾ ಹೋಗಿ. ಮರೆತರೆ ಉಂಗುರ ಕಾಲಿಗೆ ಕಚ್ಚಿಕೊಳ್ಳುತ್ತದೆ.

ಇಂಗ್ಲೆಂಡಿನ ಹವೆಯಲ್ಲಿ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮರಿ ಮಾಡಿಸಿದರೆ ನವೆಂಬರ್ ಹೊತ್ತಿನ ಪ್ರದರ್ಶನಕ್ಕೆ ಕೋಳಿ ತಯಾರಾಗುತ್ತದೆ.

ಆರನೇ ಹೆಜ್ಜೆ: ಆರಿಸುವುದು

ಐವತ್ತು ಮರಿ ಮಾಡಿಸಿ ಐದು ಉಳಿಸಿಕೊಳ್ಳುವ ಮನಸ್ಸು ಬೇಕು. ಹತ್ತು ಮರಿ ಮಾಡಿಸಿ ಎಂಟು ಉಳಿಸಿಕೊಂಡರೆ ತಳಿ ನಿಂತಲ್ಲೇ ನಿಲ್ಲುತ್ತದೆ.

ಮೊದಲ ದಿನ ಕಾಲು ಸೊಟ್ಟ, ಬೆರಳು ಡೊಂಕು ಇರುವುದನ್ನು, ಕಾಲಿನ ಮೇಲೆ ಗರಿಯೇ ಇಲ್ಲದ್ದನ್ನು ಬೇರೆ ಮಾಡಿ. ಎಂಟು ವಾರಕ್ಕೆ ಜುಟ್ಟಿನ ಮೊಳಕೆ, ಅಂಗಾಲಿನ ಬಣ್ಣ ನೋಡಿ. ನಾಲ್ಕೈದು ತಿಂಗಳಿಗೆ ಕಣ್ಣು, ಬಾಲ, ತೂಕ. ಮರಿಗರಿಯಲ್ಲಿರುವ ಅಲ್ಲಿ ಇಲ್ಲಿ ಬಿಳಿ ನೋಡಿ ಆತುರ ಪಡಬೇಡಿ, ದೊಡ್ಡ ಗರಿ ಬಂದ ಮೇಲೂ ಉಳಿದರೆ ಮಾತ್ರ ತೆಗೆಯಿರಿ. ಹುಂಜಗಳ ವಿಷಯದಲ್ಲಿ ಕೊನೆಯ ತೀರ್ಮಾನ ಹತ್ತು ಹನ್ನೆರಡು ತಿಂಗಳಾಗುವ ತನಕ ಬೇಡ. ಅಷ್ಟರಲ್ಲಿ ಅವುಗಳ ಅಕ್ಕತಂಗಿಯರು ಮೊಟ್ಟೆ ಇಡಲು ಶುರುಮಾಡಿರುತ್ತಾರೆ. ಆ ಅಂಕ ನೋಡಿಕೊಂಡೇ ಅಣ್ಣನನ್ನು ಆರಿಸಿ. ಎರಡು ಹುಂಜಗಳಲ್ಲಿ ಒಂದು ಸ್ವಲ್ಪ ಚೆಂದ, ಇನ್ನೊಂದರ ಅಕ್ಕತಂಗಿಯರ ಮೊಟ್ಟೆ ಒಂದು ಅಂಕ ಮೇಲು ಅಂದರೆ, ಎರಡನೆಯದೇ ಉಳಿಯಬೇಕು.

ಉಳಿದವುಗಳನ್ನು ಸಾಕಲು ಬಯಸುವವರಿಗೆ ಕೊಡಿ, ಹೆಚ್ಚಾದ ಹುಂಜಗಳು ಸಾರಿಗೆ. ಮರಾನ್ ಮಾಂಸಕ್ಕೂ ಹೆಸರಾದ ಕೋಳಿ. ದೋಷ ಇರುವುದನ್ನು ತಳಿಗೆ ಅಂತ ಹೇಳಿ ಮಾತ್ರ ಮಾರಬೇಡಿ.

ಏಳನೇ ಹೆಜ್ಜೆ: ಪ್ರದರ್ಶನ

ಮೊಟ್ಟೆ ಪ್ರದರ್ಶನಕ್ಕೆ ಕೆಲಸ ಕಡಿಮೆ, ಕಣ್ಣು ಜಾಸ್ತಿ ಬೇಕು. ತಟ್ಟೆಯಲ್ಲಿ ಇಡುವ ಮೊಟ್ಟೆಗಳೆಲ್ಲ ಬಣ್ಣ, ಗಾತ್ರ, ಆಕಾರದಲ್ಲಿ ಒಂದೇ ಥರ ಇರಬೇಕು. ಒಂದು ಅತಿ ಕಡು, ಉಳಿದವು ಒಂದು ಮೆಟ್ಟಿಲು ಕೆಳಗೆ ಇದ್ದರೆ ಆ ಅತಿ ಕಡುವನ್ನೇ ಬಿಟ್ಟುಬಿಡಿ. ಒಂದೇ ಹೇಂಟೆಯ ಮೊಟ್ಟೆಗಳಾದರೆ ಹೊಂದಿಕೆ ಸುಲಭ. ಗೂಡಿಗೆ ದಪ್ಪವಾಗಿ ಮರದ ಹೊಟ್ಟು ಹಾಕಿ, ಇಟ್ಟ ಕೂಡಲೇ ಮುಟ್ಟದೆ ಒಣಗಲು ಬಿಡಿ. ಎಣ್ಣೆ ಸವರುವುದು, ಉಜ್ಜುವುದು ಬೇಡ. ಬೆಳಕಿಗೆ ಬಣ್ಣ ಮಾಸುತ್ತದೆ, ಕತ್ತಲಲ್ಲಿ ಇಡಿ.

ಕೋಳಿಗೆ ತಯಾರಿ ಎರಡು ತಿಂಗಳು ಮೊದಲೇ. ಮುರಿದ ಕಾಲ್ಗರಿ ಮತ್ತೆ ಬರಲು ಅಷ್ಟು ಸಮಯ ಬೇಕು. ಮಳೆಗಾಲದ ಕೆಸರಿನಲ್ಲಿ ಬಿಟ್ಟ ಮರಾನ್‌ನ ಕಾಲ್ಗರಿ ಉಳಿಯುವುದಿಲ್ಲ, ಒಣ ಮರಳು ಅಥವಾ ಹೊಟ್ಟಿನ ಮೇಲೆ ಇಡಿ. ಗರಿಕಾಲಿನ ಕೋಳಿಗೆ ಕಾಲು ಹುರುಪೆಯ ಹುಳುವಿನ ಕಾಟ ಜಾಸ್ತಿ. ಹುರುಪೆ ಎದ್ದು ನಿಂತಂತೆ ಕಂಡ ಕೂಡಲೇ ಪಶುವೈದ್ಯರ ಔಷಧಿ ಹಾಕಿ.

ಎರಡು ವಾರ ದಿನಾ ಸ್ವಲ್ಪ ಹೊತ್ತು ಪ್ರದರ್ಶನದ ಅಳತೆಯ ಪಂಜರದಲ್ಲಿ ನಿಲ್ಲಿಸಿ, ಕೈಯಿಂದ ಕಾಳು ಕೊಡಿ, ಒಂದು ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ಸರಿಯಾಗಿ ನಿಲ್ಲುವುದನ್ನು ಕಲಿಸಿ. ಹೆದರಿ ಮೂಲೆ ಸೇರುವ ಕೋಳಿಯ ಆಕಾರ ತೀರ್ಪುಗಾರರಿಗೆ ಕಾಣುವುದೇ ಇಲ್ಲ. ಮೂರು ನಾಲ್ಕು ದಿನ ಮೊದಲು ಸ್ನಾನ. ಮೂರು ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು, ಮೊದಲನೆಯದರಲ್ಲಿ ಮೆದು ಸೋಪು, ಎರಡನೆಯದರಲ್ಲಿ ಸ್ವಲ್ಪ ವಿನೆಗರ್, ಮೂರನೆಯದು ಬರೀ ನೀರು. ಗರಿ ಬೆಳೆದ ದಿಕ್ಕಿನಲ್ಲೇ ತೊಳೆಯಿರಿ, ಬೆಚ್ಚಗಿನ ಕೋಣೆಯಲ್ಲಿ ಪೂರ್ತಿ ಒಣಗಿಸಿ. ಮೈಯ ಎಣ್ಣೆ ಗರಿಗೆ ಮರಳಿ ಹೊಳಪು ಬರಲು ಆ ಮೂರು ದಿನ ಬೇಕು. ಹೊರಡುವ ಬೆಳಿಗ್ಗೆ ಜುಟ್ಟಿಗೆ, ಕಾಲಿಗೆ ವ್ಯಾಸಲೀನ್ ತೆಳುವಾಗಿ ಸವರಿ.

ಪ್ರದರ್ಶನದಿಂದ ಬಂದ ಕೋಳಿಯನ್ನು ಮೂರು ವಾರ ಬೇರೆ ಇಡಿ, ಅದರ ಬಟ್ಟಲು, ನಿಮ್ಮ ಚಪ್ಪಲಿ ಎಲ್ಲಾ ಬೇರೆ. ಮತ್ತು ತಳಿಯ ಒಂದು ಗುಂಪನ್ನು ಬೇರೆ ಊರಿನ ನಂಬಿಕಸ್ತ ಸಾಕಣೆಗಾರರ ಹತ್ತಿರ ಕೊಟ್ಟಿಡಿ, ಜೊತೆಗೆ ನೋಟ್‌ಬುಕ್ಕಿನ ಒಂದು ಪ್ರತಿಯನ್ನೂ. ಹಕ್ಕಿಜ್ವರ ಹಿತ್ತಿಲಿಗೆ ಬಂದರೆ ಅಧಿಕಾರಿಗಳು ಒಂದನ್ನೂ ಉಳಿಸುವುದಿಲ್ಲ. ಆಗ ಆ ಊರಿನಿಂದ ಹನ್ನೆರಡು ಮೊಟ್ಟೆ ತಂದು ಕೂಡಿಸಬಹುದು, ಯಾವ ಹೇಂಟೆಯ ಮೊಟ್ಟೆ, ಅದರ ತಾಯಿಯ ಅಂಕ ಎಷ್ಟು ಅನ್ನುವುದೂ ಪ್ರತಿಯಲ್ಲೇ ಇರುತ್ತದೆ.